ಮಣಿಕಟ್ಟಿಗೆ ಕಟ್ಟಿಕೊಂಡ ಭಯ

ಪವಾಯಿ ಕೆರೆಯ ದಂಡೆಯಲ್ಲಿ ಬೆಳಗಿನ ಆರು ಗಂಟೆಗೆ ನಡೆಯಲು ಬರುವವರಲ್ಲಿ ನಾನೂ ಒಬ್ಬ. ಹನ್ನೆರಡು ವರ್ಷಗಳಿಂದ ನಮ್ಮದು ಐದಾರು ಮಂದಿಯ ಜೊತೆ. ಅವರಲ್ಲಿ ಮೂವರು ಕನ್ನಡಿಗರು. ಭೇಟಿಯಾದೊಡನೆ ನಾವು ಕೇಳಿಕೊಳ್ಳುತ್ತಿದ್ದ ಮೊದಲ ಪ್ರಶ್ನೆ ‘ರಾತ್ರಿ ನಿದ್ದೆ ಬಂತೇ?’ ಎಂಬುದು. ‘ಬಂತು ಮಾರಾಯ್ರೆ’ ಎಂದೋ, ‘ಎಲ್ಲಿಯ ನಿದ್ದೆ, ಮಗಳ ಫೋನು ಬರಬಹುದೆಂದು ಕಾದು ಕುಳಿತಿದ್ದೆ’ ಎಂದೋ ಉತ್ತರ ಬರುತ್ತಿತ್ತು. ಆ ಉತ್ತರದ ಬಾಲ ಹಿಡಿದು ಮಗಳು, ಮೊಮ್ಮಗು, ಊರು, ಗದ್ದೆ ಎಂದು ಮಾತು ಬೆಳೆಯುತ್ತಿತ್ತು. ಕಳೆದ ತಿಂಗಳು ಅದೇ ಪ್ರಶ್ನೆಯನ್ನು ಜೊತೆಗಾರರೊಬ್ಬರಿಗೆ ಕೇಳಿದೆ. ಅವರು ಉತ್ತರಿಸುವ ಮೊದಲು ಎಡಗೈ ಎತ್ತಿ ಗಡಿಯಾರ ನೋಡಿಕೊಂಡರು. ‘ಅರುವತ್ತೆಂಟು’ ಎಂದರು. ನೂರಕ್ಕೆ ಅರುವತ್ತೆಂಟು ಅಂಕ, ನಿದ್ದೆಗೆ! ನಗುತ್ತಲೇ ಬಂದಿದ್ದ ಅವರ ಮುಖ ಬಾಡಿದ್ದು ಆ ಅಂಕವನ್ನು ನೋಡಿದ ಮೇಲೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಓದುಬರಹ ಬಲ್ಲ, ಬದುಕನ್ನು ಕಂಡ, ಮುಂಬಯಿಯಂಥ ನಗರದಲ್ಲಿ ನಲವತ್ತು ವರ್ಷ ಕಾಲೂರಿ ನಿಂತ ಮನುಷ್ಯನೊಬ್ಬ ತಾನು ಚೆನ್ನಾಗಿ ನಿದ್ರಿಸಿದೆನೋ ಇಲ್ಲವೋ ಎಂಬುದನ್ನು ತನ್ನ ಗಡಿಯಾರದಿಂದ ತಿಳಿಯಲು ಹೊರಟದ್ದು ಏಕೆ? ಇದೊಬ್ಬರ ಕಥೆಯಲ್ಲ. ಹೀರಾನಂದಾನಿ ಬಡಾವಣೆಯ ಲಿಫ್ಟುಗಳಲ್ಲಿ, ಸಂಘದ ಸಭೆಗಳಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲೆಲ್ಲೂ ಕಪ್ಪು ಗಾಜಿನ ಆ ಚೌಕವೇ ಕಾಣುತ್ತದೆ. ರಾತ್ರಿ ಹನ್ನೊಂದಕ್ಕೆ ಊಟದ ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತ, 9,600ಕ್ಕೆ ನಿಂತ ಹೆಜ್ಜೆಗಳನ್ನು 10,000ಕ್ಕೆ ಏರಿಸಿಯೇ ಮಲಗುವವರನ್ನು ನಾನು ಬಲ್ಲೆ.

ಕಾರಣ ಕೇಳಿದರೆ ಉತ್ತರಗಳು ಸಿದ್ಧವಾಗಿವೆ. ‘ನಡೆಯಲು ಉತ್ಸಾಹ ಬರುತ್ತದೆ’, ‘ಏನಾದರೂ ಏರುಪೇರಾದರೆ ಮೊದಲೇ ತಿಳಿಯುತ್ತದೆ’, ‘ಮಗ ಕಳಿಸಿದ, ಕಟ್ಟಿಕೊಳ್ಳದಿದ್ದರೆ ಬೇಸರಿಸುತ್ತಾನೆ’. ಇವು ಸುಳ್ಳಲ್ಲ. ಆದರೆ ಇವುಗಳ ತಳದಲ್ಲಿರುವುದು ಆರೋಗ್ಯದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಭಯ ಮತ್ತು ಒಂಟಿತನ ಎಂಬುದು ನನ್ನ ವಾದ. ಆ ಎರಡಕ್ಕೂ ಈ ಗಡಿಯಾರ ಮದ್ದಾಗಲಾರದು ಎಂಬುದೂ ನನ್ನ ವಾದವೇ. ಓದುಗರಲ್ಲಿ ಅನೇಕರು ಈ ಸಾಲುಗಳನ್ನು ಓದುವಾಗಲೂ ಅದನ್ನು ಕಟ್ಟಿಕೊಂಡಿರುತ್ತೀರಿ. ಕೋಪಿಸಿಕೊಳ್ಳದೆ ಕೊನೆಯವರೆಗೆ ಬನ್ನಿ ಎಂಬುದಷ್ಟೇ ನನ್ನ ಬಿನ್ನಹ.

ಭಯಕ್ಕೆ ನಾವು ದಿನಾಂಕವನ್ನೇ ಕೊಡಬಲ್ಲೆವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ವ್ಯಾಯಾಮ, ಶಿಸ್ತು, ಮೈಕಟ್ಟುಗಳಿಗೆ ಹೆಸರಾದ ಮನುಷ್ಯ. ‘ಅಪ್ಪುವಿಗೇ ಹೀಗಾದರೆ ನಮ್ಮ ಗತಿ?’ ಎಂಬ ಮಾತು ಅಂದು ಬೆಂಗಳೂರಿನಲ್ಲಿ ಕೇಳಿಸಿದಷ್ಟೇ ಗಟ್ಟಿಯಾಗಿ ಮಾಟುಂಗ, ಅಂಧೇರಿ, ಪವಾಯಿಗಳಲ್ಲೂ ಕೇಳಿಸಿತು. ಹೃದಯ ತಪಾಸಣೆಗೆಂದು ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. 2025ರ ಜೂನ್–ಜುಲೈಯಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದರಂತೆ ಬಂದಾಗ ಜಯದೇವ ಹೃದ್ರೋಗ ಸಂಸ್ಥೆಯ ಬೆಂಗಳೂರು, ಮೈಸೂರು ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಸರಕಾರ ತಜ್ಞರ ಸಮಿತಿಯನ್ನೇ ನೇಮಿಸಬೇಕಾಯಿತು. ಊರಿನ ದೂರದರ್ಶನ ವಾಹಿನಿಗಳ ಮೂಲಕವೇ ಊರನ್ನು ಕಾಣುವ ನಮ್ಮಂಥ ಹೊರನಾಡಿನವರಿಗೆ ಆ ಸುದ್ದಿ ದುಪ್ಪಟ್ಟಾಗಿ ತಟ್ಟಿತು. ಊರಲ್ಲಿದ್ದವರು ಸಾಲಿನಲ್ಲಿ ನಿಂತರು. ಇಲ್ಲಿದ್ದವರು ಗಡಿಯಾರ ತರಿಸಿಕೊಂಡರು.

ನಮ್ಮ ಅಜ್ಜಿಯರು ಇಂಥ ಭಯಕ್ಕೆ ತಾಯತ ಕಟ್ಟುತ್ತಿದ್ದರು. ತಾಯತವನ್ನು ನಗೆಯಾಡಿದ ನಮ್ಮ ತಲೆಮಾರು ಹೊಸ ತಾಯತವನ್ನು ಕಂತಿನಲ್ಲಿ ಕೊಂಡಿದೆ. ಹಳೆಯದು ಒಮ್ಮೆ ಕಟ್ಟಿದರೆ ಸುಮ್ಮನಿರುತ್ತಿತ್ತು. ಇದು ಗಂಟೆಗೊಮ್ಮೆ ನಡುಗಿ, ‘ಎದ್ದು ನಿಲ್ಲು’ ಎಂದು ಗದರುತ್ತದೆ.

ಅಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಇಟಲಿಯ ಪಾಡುವಾದಲ್ಲಿ ವೈದ್ಯ ಸಾಂಟೋರಿಯೊ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾನು ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ವರ್ಷಗಟ್ಟಲೆ ತೂಗಿ 1614ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ನಾಡಿ ಎಣಿಸಲೆಂದೇ ಒಂದು ಗಡಿಯಾರ ಮಾಡಿಸಿ 1707ರಲ್ಲಿ ಅದರ ಬಗ್ಗೆ ಗ್ರಂಥ ಪ್ರಕಟಿಸಿದ. ನಮ್ಮಲ್ಲಿಯೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುವ ಪರಂಪರೆ ಹಳೆಯದು. ಆದರೆ ಅಲ್ಲೆಲ್ಲ ನಾಡಿಯ ಆಚೆ ಬದಿಯಲ್ಲಿ ಒಬ್ಬ ಮನುಷ್ಯನಿದ್ದ. ಅವನು ನಾಡಿಯ ಜೊತೆಗೆ ನಾಲಿಗೆ ನೋಡುತ್ತಿದ್ದ, ಕಣ್ಣು ನೋಡುತ್ತಿದ್ದ, ‘ಮನೆಯಲ್ಲಿ ಏನಾದರೂ ಚಿಂತೆಯೇ?’ ಎಂದು ಕೇಳುತ್ತಿದ್ದ.

ಗಡಿಯಾರಕ್ಕೆ ಸಲ್ಲಬೇಕಾದ ಮಾನ್ಯತೆಯನ್ನೂ ಸಲ್ಲಿಸೋಣ. ಅದರ ಬೆನ್ನಿನಲ್ಲಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಹಾಯಿಸುತ್ತದೆ. ರಕ್ತ ಆ ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಹರಿವು ಹೆಚ್ಚಿ, ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ಬಡಿತದ ಲೆಕ್ಕ ಹೇಳುತ್ತದೆ. ಬುದ್ಧಿವಂತ ಉಪಾಯವೇ ಸರಿ. ಆ್ಯಪಲ್ ಗಡಿಯಾರವನ್ನಿಟ್ಟುಕೊಂಡು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,19,297 ಮಂದಿ ಭಾಗವಹಿಸಿದ್ದರು. ಅವರಲ್ಲಿ ಅನಿಯಮಿತ ನಾಡಿಯ ಎಚ್ಚರಿಕೆ ಬಂದದ್ದು ನೂರಕ್ಕೆ ಸುಮಾರು ಅರ್ಧದಷ್ಟು ಮಂದಿಗೆ. ಎಚ್ಚರಿಕೆ ಪಡೆದು, ಮುಂದೆ ಎದೆಗೆ ಅಂಟಿಸುವ ಪಟ್ಟಿಯಿಂದ ಪರೀಕ್ಷೆಗೆ ಒಳಗಾದವರಲ್ಲಿ ಮೂರರಲ್ಲೊಂದು ಪಾಲು ಜನರಿಗೆ ಹೃದಯದ ಮೇಲ್ಕೋಣೆ ಲಯತಪ್ಪಿ ಕಂಪಿಸುವ ತೊಂದರೆ ಇದ್ದುದು ಕಂಡಿತು. ಪಾರ್ಶ್ವವಾಯುವಿಗೆ ದಾರಿ ಮಾಡಿಕೊಡಬಲ್ಲ ಆ ತೊಂದರೆ ಮೊದಲೇ ತಿಳಿದರೆ ವಯಸ್ಸಾದವರಿಗೆ ಉಪಕಾರವೇ. ಇದನ್ನು ಅಲ್ಲಗಳೆಯುವುದು ಹಟವಾದೀತು.

ಆದರೆ ನಾವು ಹೆದರಿದ್ದು ಈ ಲಯದೋಷಕ್ಕಲ್ಲ. ನಾವು ಹೆದರಿದ್ದು ಹೃದಯಾಘಾತಕ್ಕೆ, ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದಕ್ಕೆ. ಅದನ್ನು ಗಡಿಯಾರ ಪತ್ತೆಹಚ್ಚಲಾರದು. ಇದು ನನ್ನ ಮಾತಲ್ಲ. ತನ್ನ ಗಡಿಯಾರದ ಇಸಿಜಿ ಹೃದಯಾಘಾತವನ್ನು ಗುರುತಿಸಲಾರದೆಂದು ಆ್ಯಪಲ್ ಕಂಪನಿಯೇ ಸ್ಪಷ್ಟವಾಗಿ ಬರೆದಿದೆ. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ದಿಕ್ಕುಗಳಿಂದ ನೋಡಿದರೆ ಗಡಿಯಾರದ್ದು ಒಂದೇ ದಿಕ್ಕಿನ ನೋಟ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆನ್ನುವ ಗಡಿಯಾರ, ಉಂಗುರಗಳನ್ನು ನಂಬಬೇಡಿರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಹಾಗೆ ಅಳೆಯಲು ಅದು ಯಾವೊಂದು ಗಡಿಯಾರಕ್ಕೂ ಅನುಮತಿ ಕೊಟ್ಟಿರಲಿಲ್ಲ. ಈ ಎಚ್ಚರಿಕೆಗಳು ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಹಾಳೆಯಲ್ಲಿ ಮಡಚಿಕೊಂಡಿರುತ್ತವೆ. ಪೆಟ್ಟಿಗೆಯ ಮೇಲೆ ಓಡುತ್ತಿರುವ ತರುಣಿಯ ಚಿತ್ರವಿರುತ್ತದೆ.

ಆ ಹಾಳೆಯನ್ನು ನನ್ನ ಗೆಳೆಯನೂ ಓದಿರಲಿಲ್ಲ. ನಮ್ಮ ನಡಿಗೆಯ ಗುಂಪಿನವನೇ, ಹೆಂಡತಿ ತೀರಿಹೋಗಿ ಮೂರು ವರ್ಷ, ಮಗ ಅಮೆರಿಕದಲ್ಲಿ. ಒಂದು ರಾತ್ರಿ ಹನ್ನೆರಡರ ಹೊತ್ತಿಗೆ ಎದೆ ಭಾರವಾಗಿ, ಎಡ ಭುಜ ಎಳೆದಂತಾಯಿತು. ಗಡಿಯಾರ ನೋಡಿಕೊಂಡ. ಬಡಿತ 82, ಆಮ್ಲಜನಕ 97. ಬೆರಳಿಟ್ಟು ಇಸಿಜಿ ತೆಗೆದುಕೊಂಡ. ಲಯ ಸರಿಯಾಗಿದೆ ಎಂದು ಬಂತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಕುರ್ಚಿಯಲ್ಲಿ ಒರಗಿ ಕುಳಿತ. ನಡುನಡುವೆ ಎದ್ದು ಮತ್ತೆ ಮತ್ತೆ ನೋಡಿಕೊಂಡ. ಪ್ರತಿ ಸಲವೂ ಅದೇ ಭರವಸೆ. ಬೆಳಗ್ಗೆ ಐದೂವರೆಗೆ ಹಾಲಿನ ಪೊಟ್ಟಣ ಎತ್ತಿಕೊಳ್ಳಲೆಂದು ಬಾಗಿಲು ತೆರೆದಾಗ ಎದುರು ಮನೆಯ ಮರಾಠಿ ಹೆಂಗಸು ಅವನ ಮುಖ ನೋಡಿದರು. ‘ಕಾಕಾ, ಇಷ್ಟು ಬೆವರುತ್ತಿದ್ದೀರಲ್ಲ’ ಎಂದರು. ಗಡಿಯಾರ ಎಲ್ಲ ಸರಿಯಿದೆ ಎನ್ನುತ್ತದೆ ಎಂದು ಇವನು ಹೇಳಲು ಹೊರಟರೆ ಆಕೆ ಕೇಳಿಸಿಕೊಳ್ಳಲೇ ಇಲ್ಲ. ಮಗನನ್ನು ಎಬ್ಬಿಸಿ ರಿಕ್ಷಾ ತರಿಸಿದರು. ಎರಡು ಸ್ಟೆಂಟ್ ಹಾಕಬೇಕಾಯಿತು. ಐದಾರು ಗಂಟೆ ತಡವಾದದ್ದರಿಂದ ಹೃದಯದ ಸ್ನಾಯುವಿನ ಒಂದು ಭಾಗ ಶಾಶ್ವತವಾಗಿ ಕೆಟ್ಟಿತೆಂದು ವೈದ್ಯರು ಹೇಳಿದರು. ಈಗ ಅವನು ನಮ್ಮ ಜೊತೆ ಅರ್ಧ ದಾರಿ ಬಂದು ಬೆಂಚಿನ ಮೇಲೆ ಕುಳಿತುಬಿಡುತ್ತಾನೆ. ಗಡಿಯಾರ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಅದು ತನಗೆ ತಿಳಿದದ್ದನ್ನು ಸರಿಯಾಗಿಯೇ ಹೇಳಿತ್ತು. ಕೇಳಬಾರದ ಪ್ರಶ್ನೆಯನ್ನು ಅದಕ್ಕೆ ಕೇಳಿದವನು ಅವನು. ಆದರೆ ಆ ನಡುರಾತ್ರಿ ಬೇರೆ ಯಾರನ್ನು ಕೇಳಬೇಕಿತ್ತು?

ನನ್ನ ತಕರಾರಿನ ಬೇರು ಇರುವುದು ಇಲ್ಲಿ. ಗಡಿಯಾರ ಬಂದು ಕೂತದ್ದು ಖಾಲಿಯಾಗಿದ್ದ ಜಾಗದಲ್ಲಿ. ‘ಯಾಕೆ ಸಪ್ಪಗಿದ್ದೀರಿ?’ ಎನ್ನುವ ಮನೆಯವರು ಇಲ್ಲ. ಚಾಳಿನ ಪಡಸಾಲೆ ಹೋಯಿತು, ಇಪ್ಪತ್ತೆರಡನೆಯ ಮಹಡಿಯ ಮುಚ್ಚಿದ ಬಾಗಿಲು ಬಂತು. ನಮ್ಮ ಮೂರು ತಲೆಮಾರಿನ ಕಾಯಿಲೆಗಳನ್ನು ಬಾಯಿಪಾಠ ಬಲ್ಲ ಗಲ್ಲಿಯ ಡಾಕ್ಟರು ನಿವೃತ್ತರಾದರು. ಅವರ ಔಷಧಾಲಯದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಈಗ ಬಿದ್ದರೆ ಗಡಿಯಾರವೇ ಮಗನಿಗೆ ಸಂದೇಶ ಕಳಿಸುತ್ತದೆಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸರಿ, ಸಂದೇಶ ನ್ಯೂಜೆರ್ಸಿಗೆ ಕ್ಷಣಾರ್ಧದಲ್ಲಿ ಮುಟ್ಟುತ್ತದೆ. ಪವಾಯಿಯಲ್ಲಿ ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು ತೆರೆಯುವವರು ಯಾರು?

ಇನ್ನು ಆ 10,000ದ ಮಾತು. ಈ ಸಂಖ್ಯೆಯನ್ನು ಯಾವ ವೈದ್ಯನೂ ಕಂಡುಹಿಡಿದದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಬೆನ್ನಿಗೆ, 1965ರಲ್ಲಿ ಜಪಾನಿನ ಒಂದು ಗಡಿಯಾರ ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾನ್‌ಪೊ–ಕೆಯ್’ ಎಂದು ಹೆಸರಿಟ್ಟಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರ ಅರ್ಥ. ಮಾರಾಟದ ಹೆಸರು ಮುಂದೆ ಆರೋಗ್ಯಸೂತ್ರವಾಯಿತು. ಹಾರ್ವರ್ಡಿನ ಐ–ಮಿನ್ ಲೀ ಮತ್ತು ಸಂಗಡಿಗರು 16,741 ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ನಿದ್ದೆಯ ಅಂಕದ ಕಥೆಯೂ ಇಂಥದ್ದೇ. ಗಡಿಯಾರದ ಅಂಕವನ್ನು ಉತ್ತಮಪಡಿಸಬೇಕೆಂಬ ಚಿಂತೆಯಿಂದಲೇ ನಿದ್ದೆಗೆಟ್ಟು ವೈದ್ಯರ ಬಳಿ ಬರುವವರನ್ನು ಕಂಡು ಅಮೆರಿಕದ ನಿದ್ರಾತಜ್ಞರು 2017ರಲ್ಲಿ ಆ ಚಿಂತೆಗೇ ಒಂದು ಹೆಸರಿಟ್ಟರು: ‘ಆರ್ಥೊಸೋಮ್ನಿಯಾ’.

ಹೆಜ್ಜೆಯ ವಿಷಯ ಬಂದಾಗ ನನಗೆ ನನ್ನ ಸೋದರಮಾವ ನೆನಪಾಗುತ್ತಾರೆ. ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಈ ನಗರಕ್ಕೆ ಬಂದವರು. ಕೋಟೆ ಭಾಗದ ಹೋಟೆಲೊಂದರಲ್ಲಿ ಬೆಳಗಿನ ಐದರಿಂದ ಮೇಜಿನಿಂದ ಮೇಜಿಗೆ ಓಡಾಟ, ಸಂಜೆ ರಾತ್ರಿಶಾಲೆ, ಮತ್ತೆ ಹೋಟೆಲಿನ ನೆಲ ತೊಳೆದು ಅದೇ ನೆಲದ ಮೇಲೆ ನಿದ್ದೆ. ಮುಂಬಯಿಯ ಕನ್ನಡ ಬದುಕು ಕಟ್ಟಿದ್ದೇ ಅಂಥ ಕಾಲುಗಳ ಮೇಲೆ. ಅವರು ದಿನಕ್ಕೆ ಎಷ್ಟು ಹೆಜ್ಜೆ ಹಾಕಿದರೆಂದು ಯಾರೂ ಎಣಿಸಲಿಲ್ಲ. ಐವತ್ತರ ಹೊತ್ತಿಗೆ ಮೀನಖಂಡದಲ್ಲಿ ನೀಲಿ ನರಗಳು ಹಗ್ಗದಂತೆ ಉಬ್ಬಿದ್ದವು. ಹೆಜ್ಜೆಯೇ ಆರೋಗ್ಯವಾಗಿದ್ದರೆ ಮಾವ ನೂರು ವರ್ಷ ಬದುಕಬೇಕಿತ್ತು, ಐವತ್ತೆಂಟಕ್ಕೆ ಹೋದರು. ಅವರ ಕೈಯಲ್ಲಿದ್ದದ್ದು ಬೆಂಗಳೂರಿನ ಎಚ್‌ಎಂಟಿ ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಆ ಕಾರ್ಖಾನೆಯ ಗಡಿಯಾರ ಕೈಯಲ್ಲಿರುವುದೆಂದರೆ ಊರು ಕೈಯಲ್ಲಿದ್ದಂತೆ. ಮಾವ ಪ್ರತಿದಿನ ಬೆಳಗ್ಗೆ ಅದಕ್ಕೆ ಕೀ ಕೊಡುತ್ತಿದ್ದರು. ಈಗಿನ ಗಡಿಯಾರ ನಮಗೇ ಕೀ ಕೊಡುತ್ತದೆ.

ಇಂದು ಅದೇ ಓಟ ಓಡುವವರು ನಮ್ಮ ಬಡಾವಣೆಗಳಿಗೆ ಊಟ, ದಿನಸಿ ತಂದುಕೊಡುವ ಹುಡುಗರು. ಅವರ ನಿಮಿಷಗಳನ್ನು ಫೋನು ಎಣಿಸುತ್ತದೆ, ನಾಡಿಯನ್ನು ಯಾರೂ ಎಣಿಸುವುದಿಲ್ಲ. ನಾಗಪುರ, ಚಂಡೀಗಢಗಳಂಥ ನಗರಗಳಲ್ಲಿ ಪೌರಕಾರ್ಮಿಕರ ಕೈಗೂ ಇಂಥ ಗಡಿಯಾರ ಕಟ್ಟಿದರು. ಆರೋಗ್ಯ ಕಾಯಲಿಕ್ಕಲ್ಲ, ಎಲ್ಲಿದ್ದಾರೆ, ಎಷ್ಟು ಹೊತ್ತು ನಿಂತಿದ್ದಾರೆ ಎಂದು ಮೇಲಿನಿಂದ ನೋಡಲಿಕ್ಕೆ. ಆ ಕಾರ್ಮಿಕರು ಅದನ್ನು ಸಂಕೋಲೆಯೆಂದೇ ತಿಳಿದು ಪ್ರತಿಭಟಿಸಿದರು. ನಾವು ಅದನ್ನೇ ಹಣ ಕೊಟ್ಟು ಕಟ್ಟಿಕೊಂಡಿದ್ದೇವೆ. ‘ನಮ್ಮನ್ನು ಯಾರು ನೋಡುತ್ತಾರೆ?’ ಎನ್ನಬೇಡಿ. ಆರೋಗ್ಯ ವಿಮೆಯಲ್ಲಿ ಇಂಥ ಸೌಲಭ್ಯಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಹೆಜ್ಜೆಗಳ ಲೆಕ್ಕ ಒಪ್ಪಿಸಿದರೆ ಕಂತಿನಲ್ಲಿ ರಿಯಾಯಿತಿ ಕೊಡುವ ವಿಮಾ ಯೋಜನೆಗಳು ಇಂದು ನಮ್ಮಲ್ಲೇ ಇವೆ. ಇಂದಿನ ರಿಯಾಯಿತಿ ನಾಳೆಯ ಷರತ್ತಾಗಲು ಹೆಚ್ಚು ಕಾಲ ಬೇಡ. ಮಂಡಿನೋವಿನಿಂದ ನಡೆಯಲಾರದ ಮುದುಕಿ ಅಂದು ಹೆಚ್ಚು ತೆರಬೇಕಾಗುತ್ತದೆ. ಅದನ್ನು ಅವಳ ಸೋಮಾರಿತನದ ದಂಡ ಎನ್ನುತ್ತಾರೆ.

ಗಡಿಯಾರ ನಮ್ಮ ಮೇಲೆ ಹೊರಿಸುವ ದೊಡ್ಡ ಅನ್ಯಾಯವೇ ಇದು: ನಗರ ಮಾಡಿದ ಕೇಡನ್ನು ಅದು ನಮ್ಮ ವೈಯಕ್ತಿಕ ತಪ್ಪೆಂದು ತೋರಿಸುತ್ತದೆ. ಮೂರು ಗಂಟೆ ಲೋಕಲ್ ಗಾಡಿಯಲ್ಲೂ ಬಸ್ಸಿನಲ್ಲೂ ನಿಂತು ಬಂದವನಿಗೆ ‘ಇಂದು ನಿಮ್ಮ ವಿಶ್ರಾಂತಿ ಸಾಲದು’ ಎನ್ನುತ್ತದೆ. ಚಳಿಗಾಲದ ಹೊಗೆ–ಧೂಳಿನ ನಡುವೆ ‘ಚುರುಕಾಗಿ ನಡೆಯಿರಿ’ ಎನ್ನುತ್ತದೆ. ಎಲ್ಲಿ ನಡೆಯಬೇಕು? ಪಾದಚಾರಿ ದಾರಿಗಳನ್ನು ವಾಹನಗಳು ನುಂಗಿವೆ. ನಡೆಯಲು ಜಾಗ ಕೊಡುತ್ತೇವೆಂದು ಮಹಾನಗರಪಾಲಿಕೆ ಕೈಯಿಟ್ಟದ್ದು ಎಲ್ಲಿಗೆ ಗೊತ್ತೇ? ಕುಡಿಯುವ ನೀರಿಗೆಂದು 1891ರಲ್ಲಿ ಕಟ್ಟಿದ, ಆ ನೀರು ಕುಡಿಯಲಾಗದೆ ಉಳಿದ, ಇಂದಿಗೂ ಮೊಸಳೆಗಳಿರುವ ಇದೇ ಪವಾಯಿ ಕೆರೆಯ ಅಂಚಿಗೆ. ಸೈಕಲ್ ಮತ್ತು ಓಟದ ಪಥವೆಂದು ದಂಡೆಯಲ್ಲಿ ಕಲ್ಲು ಸುರಿಸಿತು. ಐಐಟಿಯ ಸಂಶೋಧನಾ ವಿದ್ಯಾರ್ಥಿಗಳೂ ಪರಿಸರದ ಕಾಳಜಿಯುಳ್ಳವರೂ ನ್ಯಾಯಾಲಯಕ್ಕೆ ಹೋದರು. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯ ಆ ಕಾಮಗಾರಿ ಕಾನೂನುಬಾಹಿರವೆಂದು ಹೇಳಿ, ಜಾಗವನ್ನು ಮೊದಲಿನಂತೆ ಮಾಡಿಕೊಡಲು ಆದೇಶಿಸಿತು. ನಮ್ಮ ಬಡಾವಣೆಗೆ ಆರೋಗ್ಯದ ಪಾಠ ಹೇಳಿದವರು ಆ ವಿದ್ಯಾರ್ಥಿಗಳು. ರಸ್ತೆಯ ಬದಿಯಲ್ಲಿ ನಾಲ್ಕಡಿ ದಾರಿ ಬಿಡಿಸಿಕೊಳ್ಳಲಾಗದ ನಾವು ಮಾತ್ರ ಕೆರೆಯಂಚಿನ ಪಥ ಬೇಕೆಂದು ಅಂದು ಗೊಣಗಿದೆವು. ಗೊಣಗಿದವರಲ್ಲಿ ನಾನೂ ಇದ್ದೆ.

ಹಾಗಾದರೆ ಗಡಿಯಾರ ಬಿಚ್ಚಿ ಕೆರೆಗೆ ಎಸೆಯಬೇಕೇ? ಬೇಡ, ಕೆರೆಯಲ್ಲಿ ಸಾಕಷ್ಟು ಕಸವಿದೆ. ನಡಿಗೆಗೆ ಅದು ಹುರುಪು ಕೊಡುವುದಾದರೆ ಕಟ್ಟಿಕೊಳ್ಳಿ. ಲಯತಪ್ಪಿದೆಯೆಂದು ಹೇಳಿದರೆ ವೈದ್ಯರಿಗೆ ತೋರಿಸಿ. ಆದರೆ ‘ನಾನು ಹೇಗಿದ್ದೇನೆ?’ ಎಂದು ಅದನ್ನು ಕೇಳಬೇಡಿ. ಎದೆ ಹಿಂಡಿದರೆ, ತೋಳು ಎಳೆದರೆ, ಕಾರಣವಿಲ್ಲದೆ ಬೆವರಿದರೆ ಅದರ ಮುಖ ನೋಡದೆ ಆಸ್ಪತ್ರೆಗೆ ಹೊರಡಿ. ಅದು ‘ಸರಿಯಿದೆ’ ಎಂದರೂ ಹೊರಡಿ. ಮಕ್ಕಳೇ, ನೀವು ಅಪ್ಪ–ಅಮ್ಮನಿಗೆ ಗಡಿಯಾರ ಕಳಿಸುವ ಮೊದಲು ಅವರ ಎದುರು ಮನೆಯವರ ಫೋನ್ ಸಂಖ್ಯೆ ನಿಮ್ಮಲ್ಲಿದೆಯೇ ನೋಡಿಕೊಳ್ಳಿ.

ನಮ್ಮ ಸಂಘಗಳಿಗೂ ಒಂದು ಮಾತು. ನಾವು ನಾಟಕ ಆಡಿಸುತ್ತೇವೆ, ಯಕ್ಷಗಾನ ತರಿಸುತ್ತೇವೆ, ಶಾಲು ಹೊದಿಸುತ್ತೇವೆ. ಸದಸ್ಯರ ಪಟ್ಟಿಯಲ್ಲಿ ಒಂಟಿಯಾಗಿರುವ ಹಿರಿಯರು ಎಷ್ಟು ಜನರೆಂದು ಎಂದಾದರೂ ಎಣಿಸಿದ್ದೇವೆಯೇ? ಆ ಪಟ್ಟಿ ಮಾಡೋಣ. ಐದೈದು ಮಂದಿಗೆ ಒಬ್ಬರಂತೆ ಹೊಣೆ ಹಂಚಿಕೊಂಡು ಬೆಳಗ್ಗೆ ಏಳರೊಳಗೆ ಒಂದು ಫೋನು ಮಾಡೋಣ. ಎತ್ತದಿದ್ದರೆ ಹೋಗಿ ನೋಡಲು ಹತ್ತಿರದಲ್ಲಿ ಒಬ್ಬರಿರಲಿ. ಅವರ ಬಳಿ ಬಾಗಿಲಿನ ಇನ್ನೊಂದು ಕೀಲಿಕೈ ಇರಲಿ. ಇದಕ್ಕೆ ಚಂದಾ ಬೇಡ, ಪ್ರಾಯೋಜಕರು ಬೇಡ. ಕೇಳಬೇಕಾದದ್ದು ಹಳೆಯ ಪ್ರಶ್ನೆಯೇ, ‘ರಾತ್ರಿ ನಿದ್ದೆ ಬಂತೇ?’ ಎಂದು. ಅವರು ಅರುವತ್ತೆಂಟು ಎಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ.

ನನ್ನ ಗೆಳೆಯನ ಮನೆಯ ಕೀಲಿಕೈ ಈಗ ಎದುರು ಮನೆಯಲ್ಲೊಂದಿದೆ, ನನ್ನ ಜೇಬಿನಲ್ಲೊಂದಿದೆ. ಗಡಿಯಾರವನ್ನೂ ಅವನು ಬಿಚ್ಚಿಲ್ಲ. ‘ಮಗ ಕಳಿಸಿದ್ದಲ್ಲವೇ’ ಎನ್ನುತ್ತಾನೆ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕುಳಿತಾಗ ನಾನೂ ಅದರ ಬಗ್ಗೆ ಏನೂ ಹೇಳುವುದಿಲ್ಲ. ಅವನ ಮುಖವನ್ನು ನೋಡಿಕೊಳ್ಳುತ್ತೇನೆ.